ಸಂಧಿಕಾರ್ಯ

ಹುದ್ದೆ ಮೂರು ವರ್ಷದ್ದು. ಎರಡು ಮುಗಿದಿದೆ.
ಗ್ಲಾಸ್ಗೋದ ಈ ನಾಲ್ಕನೆಯ ಮಹಡಿಯಲ್ಲಿ ನನ್ನ ಪಾಲಿಗೆ
ಒಂದು ಕಿಟಕಿ, ಎರಡು ಪರದೆ,
ಮತ್ತು ಅರವತ್ತೊಂದು ಜನರ ಮೊಣಕಾಲಿನಿಂದ, ಮಣಿಕಟ್ಟಿನಿಂದ
ಸೂಜಿ ಹಾಕಿ ತೆಗೆದ
ಅಕ್ಕಿಕಾಳಿನಷ್ಟು ಕೀಲಿನ ಪೊರೆ.

ಪೊರೆಯನ್ನು ನಾನು ಮುಟ್ಟಿದ್ದಿಲ್ಲ.
ನನ್ನ ಬಳಿ ಬರುವ ಹೊತ್ತಿಗೆ ಅದು ಬರೀ ಅಂಕಿ:
ಸಾಲಿಗೊಂದು ಜೀವಕೋಶ, ಕಂಬಕ್ಕೊಂದು ಜೀನು,
ಬಹುಪಾಲು ಸೊನ್ನೆ.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಕಣೇ, ಎಂದು
ಫೋನಿನಲ್ಲಿ ಅಕ್ಕನಿಗೆ ಈ ರೋಗವನ್ನು ಒಂದು ಗಾದೆಯಲ್ಲಿ ಮುಗಿಸಿದ್ದೆ.
ಗಾದೆಗೆ ಸಂಬಳವಿಲ್ಲ.
ಯಾವ ಮುಳ್ಳು ಮೊದಲು ಎದ್ದಿತು,
ಹೊಲದ ದಾರಿ ಅದಕ್ಕೆ ತೋರಿಸಿದವರು ಯಾರು,
ಸಂಬಳ ಅದಕ್ಕೆ.

ಸಂಧಿ ಎಂದರೆ ನನಗೆ ಮೊದಲು ಮೂಳೆಯಲ್ಲ,
ಚಳ್ಳಕೆರೆಯ ಶಾಲೆಯ ಕಪ್ಪುಹಲಗೆ.
ಸರ್ವಮಂಗಳಾ ಟೀಚರು ಸೀಮೆಸುಣ್ಣ ಮುರಿಯುವಂತೆ ಒತ್ತಿ ಬರೆದ
ಲೋಪ, ಆಗಮ, ಆದೇಶ.
ಎರಡು ಕೂಡುವಲ್ಲಿ ಒಂದು ಕಳೆದುಹೋಗುತ್ತದೆ;
ಇಲ್ಲವೇ ಕರೆಯದೆ ಒಂದು ಬಂದು ನಡುವೆ ಕೂರುತ್ತದೆ;
ಇಲ್ಲವೇ ಇದ್ದದ್ದರ ಜಾಗದಲ್ಲಿ ಇನ್ನೊಂದು.
ಮೆದುಮೂಳೆ, ಲೋಪ. ಬಿಳಿಕೋಶ, ಆಗಮ.
ಕೊನೆಗೊಂದು ದಿನ ಉಕ್ಕಿನ ಮೊಣಕಾಲು.
ಉದಾಹರಣೆ ಕೊಡು, ಎನ್ನುತ್ತಿದ್ದರು ಟೀಚರು.
ಕೈ, ಅನ್ನು: ಕೈಯನ್ನು.
ಕಣ್, ಪನಿ: ಕಂಬನಿ.

ಫೆಬ್ರವರಿಯಲ್ಲಿ ಹಿಮ ಬಿದ್ದ ದಿನ
ಆಸ್ಪತ್ರೆಯ ವ್ಯಾನು ಪೇಯ್ಸ್ಲಿ ರಸ್ತೆಯಲ್ಲಿ ನಾಲ್ಕು ಗಂಟೆ ನಿಂತಿತು.
ನಾಲ್ಕು ಮಾದರಿ ದಾರಿಯಲ್ಲೇ ಸಾಯತೊಡಗಿದ್ದವು.
ಸಾಯುವ ಕೋಶ ಆಡುವುದು ರೋಗದ ಮಾತಲ್ಲ, ಸಾವಿನದು.
ಅದಕ್ಕೊಂದು ನಿಯಮವಿದೆ. ಒಂದು ಸಾಲು ಬರೆದೆ,
ಗುಂಡಿ ಒತ್ತಿ ಕಾಫಿಗೆ ಹೋದೆ.
ಬರುವಷ್ಟರಲ್ಲಿ ಅರವತ್ತೊಂದು ಐವತ್ತೇಳಾಗಿತ್ತು.
ಬಣ್ಣಬಣ್ಣದ ನಡುಗಡ್ಡೆಗಳು ಮೊದಲಿಗಿಂತ ಚೊಕ್ಕ.

ಜೂನಿನಲ್ಲಿ, ಗೋವನ್ನಿನ ಚರ್ಚ್ ಹಾಲಿನಲ್ಲಿ,
ಪೊರೆ ಕೊಟ್ಟವರಿಗೆ ಚಹಾ, ಬಿಸ್ಕತ್ತು, ನನ್ನ ಹತ್ತು ನಿಮಿಷದ ಭಾಷಣ.
ಮೊರಾಗ್ ಗಿಲ್‌ಕ್ರಿಸ್ಟ್ ಎಂಬಾಕೆ ಕೊನೆಯವರೆಗೂ ಕೂತಿದ್ದರು,
ಕಪ್ಪನ್ನು ಹಿಡಿಯಿಂದಲ್ಲ, ಎರಡೂ ಅಂಗೈ ನಡುವೆ
ಹಕ್ಕಿಮರಿಯಂತೆ ಇಟ್ಟುಕೊಂಡು.
ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆ,
ದಿನಕ್ಕೆ ಎರಡು ಮೂಟೆ ಆಲೂಗಡ್ಡೆ.
‘ಬೆಳಗಿನ ಬಿಗಿತ, ನಿಮಿಷಗಳಲ್ಲಿ’ ಎಂಬ ನನ್ನ ಕಂಬಕ್ಕೆ ಬೆರಳು ತೋರಿ ನಕ್ಕರು:
ನಾನು ಏಳೋದು ಆರಕ್ಕೇ ಮಗಾ,
ನನ್ನ ಬೆರಳಿಗೆ ಬೆಳಗಾಗೋದು ಹತ್ತಕ್ಕೆ.

ಆಮೇಲೆ ಕೋಟು ಹಾಕಿಕೊಳ್ಳುತ್ತ,
ಗುಂಡಿಗಳನ್ನು ಹಾಗೇ ಬಿಟ್ಟು, ಕೇಳಿದರು:
ನನ್ನದು ಉಪಯೋಗಕ್ಕೆ ಬಂತಾ?
ಹಿಮ ಬಿದ್ದಿತ್ತು ನೋಡು, ಅವತ್ತು ತೆಗೆದದ್ದು.

ನನ್ನಲ್ಲಿ ಹೆಸರುಗಳಿಲ್ಲ, ನಂಬರುಗಳಷ್ಟೇ.
ಆ ದಿನ ಎಷ್ಟು ಜನರಿಂದ ತೆಗೆದರೋ, ಯಾವ ವ್ಯಾನೋ.
ಬಂತು, ಎಂದೆ.
ಹೊರಗೆ ಬಿಸಿಲಿತ್ತು. ಯಾರೂ ನಂಬದಂಥ ಬಿಸಿಲು.

ಸೋಮವಾರ ಲೇಖನದ ಕರಡು ತೆರೆದೆ.
ವಿಧಾನ ಎಂಬ ಭಾಗದ ಎರಡನೆಯ ಪುಟದಲ್ಲಿ
ಇಂಗ್ಲಿಷಿನ ಒಂದು ವಾಕ್ಯ, ಕರ್ತೃವಿಲ್ಲದ್ದು.
ಅದನ್ನು ಸುಮ್ಮನೆ ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ತಂದೆ,
ಏಕೆಂದು ಗೊತ್ತಿಲ್ಲ, ಪೆನ್ನು ಕೈಯಲ್ಲಿತ್ತು.
ನಾಲ್ಕು ಮಾದರಿಗಳನ್ನು ಕೈಬಿಡಲಾಗಿದೆ.

ಇಂಗ್ಲಿಷಿನಲ್ಲಿ ಅಲ್ಲಿ ಕೈ ಇರಲಿಲ್ಲ.

ಯಾರು ಬಿಟ್ಟದ್ದು? ಎಂದರು ಟೀಚರು, ಮೂವತ್ತು ವರ್ಷದಾಚೆಯಿಂದ.
ಕರ್ತರಿಯಲ್ಲಿ ಬರಿ.
ಹೊಡೆದುಹಾಕಿ ಕೆಳಗೆ ಬರೆದೆ:
ನಾಲ್ವರನ್ನು ನಾನು ಕೈಬಿಟ್ಟೆ.

ಲೇಖನದಲ್ಲಿ ಹಳೆಯ ವಾಕ್ಯವೇ ಇದೆ.
ನಿಯಮ ಸರಿಯಾದದ್ದೇ; ಇಂದಿಗೂ ಹಾಗೇ ಮಾಡುತ್ತೇನೆ,
ಗುಂಡಿ ಒತ್ತಿದ ಮೇಲೆ
ಕಾಫಿಗೆ ಎದ್ದು ಹೋಗುವುದೊಂದನ್ನು ಬಿಟ್ಟು.